ಹುಳ ಮುಟ್ಟದ ತೊಟ್ಟಿಲು

ಆ ತೊಟ್ಟಿಲಿಗೆ ವಯಸ್ಸೇ ಆಗಿಲ್ಲವೆಂಬುದು ಪೆಟ್ಟಿಗೆ ತೆರೆದ ಗಳಿಗೆಯಿಂದಲೇ ಅವನನ್ನು ಚುಚ್ಚುತ್ತಿತ್ತು. ನೂರು ವರ್ಷಕ್ಕೂ ಹಳೆಯ ಮರ. ಸಮುದ್ರ ದಾಟಿ ಹೋಗಿ, ಯಾರದೋ ನೆಲಮಾಳಿಗೆಯ ಕತ್ತಲಲ್ಲಿ ಕಾಲ ಕಳೆದು, ಮತ್ತೆ ಸಮುದ್ರ ದಾಟಿ ಬಂದದ್ದು. ಆದರೆ ಅದರ ಮೈಮೇಲೆ ಒಂದೇ ಒಂದು ಹುಳದ ತೂತು ಇರಲಿಲ್ಲ. ಅವನು ಹುಟ್ಟಿದ ಗುಡ್ಡದ ಮನೆಗಳಲ್ಲಿ ಮರವೆಂದರೆ ನಾಲ್ಕು ದಿನದ ನೆಂಟ. ಮಲಗಿ ಕಿವಿಗೊಟ್ಟರೆ ತೊಲೆಯೊಳಗೆ ಹುಳ ಕೊರೆಯುವ ಕಿರುಕಿರು ಸದ್ದು, ಎದ್ದರೆ ಹೊದಿಕೆಯ ಮೇಲೆ ಹಿಟ್ಟಿನಂತೆ ಉದುರಿದ ಹುಡಿ. ‘ಮರದ ಹೊಟ್ಟೇಲೂ ಒಂದು ಸಂಸಾರ ಇರುತ್ತೆ ಕಣೋ, ಅದೂ ಬದುಕಬೇಡವಾ’ ಎನ್ನುತ್ತಾ ದೊಡ್ಡಮ್ಮ ಆ ಹುಡಿಯನ್ನು ಅಂಗೈಯಿಂದ ಸವರಿ ತೆಗೆಯುತ್ತಿದ್ದಳು. ಅವಳು ಸಾಕಿ ದೊಡ್ಡವನನ್ನಾಗಿ ಮಾಡಿದ ಅವನು ಈಗ ರಾಜಧಾನಿಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ವಸ್ತುಗಳನ್ನು ಕಾಪಾಡುವ ಕೆಲಸದವನು. ಹುಳ, ಬೂಷ್ಟು, ಬೆಳಕು, ಬೆವರು, ಇವೇ ಅವನ ಶತ್ರುಗಳು. ಮನುಷ್ಯರ ಬೆರಳನ್ನೂ ಆ ಪಟ್ಟಿಗೆ ಸೇರಿಸಬೇಕೆಂದು ಅವನಿಗೆ ಕಲಿಸಿದವರು ಆ ತೊಟ್ಟಿಲು ಹೋಗಿದ್ದ ದೇಶದವರೇ, ಹಿಂದೆ ಈ ನೆಲವನ್ನು ಆಳಿ ಹೋದವರು. ಕಲಿಸಿದವರು ಒಳ್ಳೆಯವರಾಗಿದ್ದರೆಂಬುದೇ ಅವನ ಸಂಕಟ. ಕೆಟ್ಟವರಾಗಿದ್ದರೆ ಅರ್ಧ ಭಾರ ಇಳಿಯುತ್ತಿತ್ತು.

ಹುಳ ಮುಟ್ಟಲಿಲ್ಲವೆಂದರೆ ಹುಳಕ್ಕೆ ಕಾರಣ ಇರಬೇಕು. ಮೊನ್ನೆ ಒದ್ದೆ ಹತ್ತಿಯನ್ನು ತೊಟ್ಟಿಲಿನ ಒಳಮೈಗೆ ಉಜ್ಜಿ ಪರೀಕ್ಷೆ ಮಾಡಿದಾಗ, ವಿಷ ಪತ್ತೆಹಚ್ಚುವ ಬಿಳಿಯ ಕಾಗದದ ತುಂಡು ಮೊದಲು ಹಳದಿಯಾಯಿತು, ನೋಡನೋಡುತ್ತ ಕಂದಾಯಿತು. ಪಾಷಾಣ. ಆ ಕಾಲದಲ್ಲಿ ಅವರು ದೂರದೇಶಗಳಿಂದ ಹೊತ್ತೊಯ್ದ ಮರ, ಚರ್ಮ, ಗರಿ ಯಾವುದನ್ನೂ ಬಿಡದೆ ಪಾಷಾಣದ ನೀರಿನಲ್ಲಿ ಅದ್ದಿ ಒಣಗಿಸುತ್ತಿದ್ದರಂತೆ. ‘ಆಗ ನಮಗೆ ತಿಳಿದಿರಲಿಲ್ಲ’ ಎಂದಿದ್ದರು ಅಲ್ಲಿನ ಅವನ ಗುರುಗಳು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ. ಅವರ ಪ್ರೀತಿಯ ರೀತಿಯೇ ಅದು: ವಸ್ತು ಚಿರಕಾಲ ಉಳಿಯಬೇಕು, ಯಾರೂ ಮುಟ್ಟಬಾರದು. ಅವನು ಮತ್ತೊಂದು ತುಂಡು ಹಾಕಿ ನೋಡಿದ, ತಲೆದಿಂಬಿನ ಜಾಗ, ಕಾಲುಜಾಗ, ಮೇಲಿನ ಅಡ್ಡಪಟ್ಟಿ. ಎಲ್ಲ ಕಡೆಯೂ ಅದೇ ಕಂದು. ಒಂದು ಕೂಸಿನ ಬಾಯಿ ಎಲ್ಲೆಲ್ಲಿ ತಾಗಬಹುದೋ ಅಲ್ಲೆಲ್ಲ ತಾನು ಹತ್ತಿ ಇಟ್ಟು ನೋಡುತ್ತಿದ್ದೇನೆಂದು ಅರಿವಾದಾಗ ಅವನು ಕೈಗವಸು ಕಳಚಿ ಕುರ್ಚಿಯಲ್ಲಿ ಕುಸಿದಿದ್ದ.

ಏಕೆಂದರೆ ಈ ಹೊತ್ತು ಅದರಲ್ಲಿ ಒಂದು ಕೂಸನ್ನು ಮಲಗಿಸುವವರಿದ್ದರು. ಗುಡ್ಡದ ಜನ ದಂಗೆಯೆದ್ದ ವರ್ಷ ಆಳುತ್ತಿದ್ದವರ ಸೈನ್ಯ ಬಂದು ಮನೆಗಳನ್ನು ಸುಟ್ಟಿತು. ಸುಡದೆ ಉಳಿದ ಒಂದೇ ವಸ್ತುವೆಂದರೆ ಇಡೀ ಗುಡ್ಡದ ಕೂಸುಗಳು ಮಲಗುತ್ತಿದ್ದ ಆ ಒಂದು ತೊಟ್ಟಿಲು. ಅದನ್ನು ಅಧಿಕಾರಿಯೊಬ್ಬ ತನ್ನ ಹೆಂಡತಿಗೆ ಉಡುಗೊರೆಯಾಗಿ ಕೊಂಡೊಯ್ದ. ಅಂದಿನಿಂದ ಗುಡ್ಡದವರು ತಮ್ಮನ್ನು ತಾವೇ ‘ನೆಲದ ಮೇಲೆ ಮಲಗಿದವರು’ ಎಂದು ಕರೆದುಕೊಂಡು ಬಂದಿದ್ದರು, ಬಡತನದ ಮಾತಾಗಿ ಅಲ್ಲ, ಶಪಥದ ಮಾತಾಗಿ. ಈಗ ತೊಟ್ಟಿಲು ಮರಳಿತ್ತು. ದೊಡ್ಡಮ್ಮನ ಮೊಮ್ಮಗಳಿಗೆ, ಎಂದರೆ ಅವನ ಅಕ್ಕನ ಮಗಳಿಗೆ, ಮೂರು ತಿಂಗಳ ಗಂಡು ಕೂಸಿತ್ತು. ಮಂತ್ರಿಗಳ ಮುಂದೆ, ಕ್ಯಾಮೆರಾಗಳ ಮುಂದೆ, ಆ ಕೂಸು ಆ ತೊಟ್ಟಿಲಿನಲ್ಲಿ ಮಲಗಬೇಕು. ಬಟ್ಟೆ ಹಾಸದೆ, ಬರಿಮೈಯಲ್ಲಿ, ಬರಿಯ ಮರದ ಮೇಲೆ. ಹಾಗೆಯೇ ಮಲಗುತ್ತಿದ್ದುದೆಂದು ದೊಡ್ಡಮ್ಮನ ಹಟ.

ಸಂಗ್ರಹಾಲಯದ ನಿರ್ದೇಶಕರಿಗೆ ಅವನು ನಿನ್ನೆಯೇ ಹೇಳಿದ್ದ. ಅವರು ರಾಜಧಾನಿಯವರು, ಮೃದು ಮಾತಿನವರು, ಕೇಡನ್ನು ಕೂಡ ಚಹಾ ತರಿಸಿ ಎದುರಿಗಿಟ್ಟೇ ಮಾಡುವವರು. ‘ಕೂತ್ಕೊಳ್ಳಿ ಮೊದಲು. ಎಷ್ಟು ಹೊತ್ತು ಮಲಗಿಸ್ತಾರೆ? ಒಂದು ಫೋಟೋ ಆಗೋವಷ್ಟು. ಅಷ್ಟಕ್ಕೆ ಏನಾಗಿಬಿಡುತ್ತೆ?’ ‘ಸರ್, ಮೂರು ತಿಂಗಳ ಕೂಸು. ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತೆ.’ ‘ನೀವು ಒಂದು ವಿಷಯ ಯೋಚಿಸಿದೀರಾ? ಆ ದೇಶದವರೂ ತೊಟ್ಟಿಲು ಕಳಿಸುವಾಗ ಇದನ್ನೇ ಅಂದರು, ಬರೀ ನೋಡೋದಕ್ಕೆ ಮಾತ್ರ, ಮುಟ್ಟಬಾರದು ಅಂತ. ಮಂತ್ರಿಗಳು ಕೆಂಡವಾದರು. ಕೊಟ್ಟ ಮೇಲೂ ಹೇಗೆ ಇಟ್ಕೋಬೇಕು ಅಂತ ನಮಗೇ ಪಾಠ ಹೇಳ್ತಾರಲ್ಲ ಅಂತ. ಈಗ ನೀವೂ ಅದೇ ಮಾತು ಹೇಳಿದರೆ…’ ಅವರು ಚಹಾದ ಬಟ್ಟಲನ್ನು ಅವನತ್ತ ಸರಿಸಿದರು. ‘ನೀವು ಅಲ್ಲೇ ಓದಿ ಬಂದವರು ಬೇರೆ. ಜನ ಏನೆಂದುಕೊಳ್ತಾರೆ?’ ಅವನು ಆ ಚಹಾವನ್ನು ಕುಡಿದ. ಕುಡಿಯಬಾರದಿತ್ತು. ಮಾತು ಬಿಸಿತುಪ್ಪದಂತೆ ಗಂಟಲಲ್ಲಿ ನಿಂತಿರುವಾಗ ಅದರ ಮೇಲೆ ಅವನು ಸಕ್ಕರೆ ಹಾಕಿದ ಚಹಾ ಕುಡಿದಿದ್ದ.

ಈ ಬೆಳಗ್ಗೆ ತನ್ನ ಕೋಣೆಯ ಕಿಟಕಿಯಿಂದ ಅವನಿಗೆ ಮುಂಬಾಗಿಲು ಕಾಣುತ್ತಿತ್ತು, ಅಲ್ಲಿನ ಮಾತೂ ಕೇಳಿಸುತ್ತಿತ್ತು. ದೊಡ್ಡಮ್ಮ, ಅಕ್ಕನ ಮಗಳು, ಅವಳ ಎದೆಗೆ ಕಟ್ಟಿದ ಕೂಸು, ಹಿಂದೆ ಗುಡ್ಡದ ಹತ್ತಾರು ಜನ, ಬಸ್ಸಿಳಿದ ಸುಕ್ಕು ಬಟ್ಟೆಯಲ್ಲೇ ನಿಂತಿದ್ದರು. ಕಾವಲಿನವನು ಕೋಲು ಅಡ್ಡ ಹಿಡಿದಿದ್ದ. ‘ಏ ಅಜ್ಜಿ, ಹಿಂದಿನ ಗೇಟು, ಹಿಂದಿನ ಗೇಟು. ಇದು ಅತಿಥಿಗಳಿಗೆ.’ ‘ನಾವೇ ಅಲ್ವೇನಪ್ಪ ಅತಿಥಿಗಳು? ತೊಟ್ಟಿಲು ನಮ್ಮದು.’ ‘ತೊಟ್ಟಿಲು ಮುಂದಿನ ಗೇಟಿನಿಂದಲೇ ಬಂದಿದೆ. ನೀವು ಹಿಂದಿನಿಂದ ಬನ್ನಿ.’ ದೊಡ್ಡಮ್ಮ ನಕ್ಕಳು, ಅವಳ ಹಿಂದಿನವರೂ ನಕ್ಕರು. ನಗುವುದನ್ನು ಗುಡ್ಡದವರಿಗೆ ಯಾವ ಸರಕಾರವೂ ಕಲಿಸಬೇಕಾಗಿರಲಿಲ್ಲ. ಕೆಳಗಿಳಿದು ಹೋಗಿ ‘ಇವರು ನನ್ನವರು’ ಎಂದರೆ ಮುಗಿಯುತ್ತಿತ್ತು. ಆದರೆ ಅವನು ಮೊದಲು ಕಾಲರು ಸರಿಪಡಿಸಿಕೊಂಡ, ಕನ್ನಡಕದ ಗಾಜು ಒರೆಸಿದ, ಮೇಜಿನ ಮೇಲೆ ಏನೋ ಮರೆತವನಂತೆ ಎರಡು ಸಲ ಹಿಂದಿರುಗಿ ನೋಡಿದ. ಮೆಟ್ಟಿಲಿಳಿಯುವ ಹೊತ್ತಿಗೆ ಅವರು ಕಟ್ಟಡವನ್ನು ಸುತ್ತುಹಾಕಿ ಹಿಂದಿನಿಂದ ಒಳಗೆ ಬಂದಾಗಿತ್ತು. ತಾನು ಬೇಕೆಂದೇ ತಡಮಾಡಿದೆನೇ ಎಂದು ಕೇಳಿಕೊಂಡ. ಅವನ ಮನಸ್ಸಿಗೂ ಚಹಾ ಕುಡಿಸಿ ಕೂರಿಸುವ ನಿರ್ದೇಶಕನೊಬ್ಬನಿದ್ದ.

‘ಓಹೋ, ಗ್ಲೌಸ್ ಮಾವ ಬಂದರು!’ ಎಂದಳು ಅಕ್ಕನ ಮಗಳು. ಅವನು ಪರದೇಶದಿಂದ ಮರಳಿದ ವರ್ಷ, ಆರೇಳರ ಹುಡುಗಿಯಾಗಿದ್ದ ಅವಳಿಗೆ ತನ್ನ ಬಿಳಿಯ ಕೈಗವಸುಗಳನ್ನು ಆಡಲು ಕೊಟ್ಟಿದ್ದ. ಆ ಹೆಸರು ಗುಡ್ಡದಲ್ಲೆಲ್ಲ ನಿಂತುಬಿಟ್ಟಿತ್ತು, ಪ್ರೀತಿಗಿಂತ ಒಂದು ಕೂದಲೆಳೆ ಕಡಿಮೆ, ಹಂಗಿಸುವುದಕ್ಕಿಂತ ಒಂದು ಕೂದಲೆಳೆ ಹೆಚ್ಚು. ಅವನು ಅವಳನ್ನೂ ದೊಡ್ಡಮ್ಮನನ್ನೂ ಓಣಿಯ ಕೊನೆಗೆ ಕರೆದೊಯ್ದ. ಅಲ್ಲಿ ಗೋಡೆಗೆ ಒರಗಿಸಿದ ಕಲ್ಲಿನ ತಲೆಗಳಿದ್ದವು, ಆಳಿ ಹೋದವರ ಕಾಲದ ಅಧಿಕಾರಿಗಳವು. ಎಸೆಯಲೂ ಇಡಲೂ ಯಾರಿಗೂ ಆದೇಶ ಬಂದಿರಲಿಲ್ಲ. ಅವನು ಹೇಳಿದ. ಹುಳ, ಪಾಷಾಣ, ಕಾಗದದ ಬಣ್ಣ, ಎಲ್ಲವನ್ನೂ. ತನ್ನ ಧ್ವನಿ ತನ್ನ ಕಿವಿಗೇ ಅವರ ಧ್ವನಿಯಂತೆ, ಆ ಒಳ್ಳೆಯ ಗುರುಗಳ ಧ್ವನಿಯಂತೆ ಕೇಳಿಸಿತು: ತಾಳ್ಮೆಯದು, ಮೃದುವಾದದ್ದು, ಮೇಲಿನಿಂದ ಬಂದದ್ದು.

ದೊಡ್ಡಮ್ಮ ಪೂರಾ ಕೇಳಿದಳು. ಆಮೇಲೆ ಒಂದು ಕಲ್ಲಿನ ತಲೆಯ ಮೇಲೆ ಕೂತಳು, ಮೊಣಕಾಲು ನೋವೆಂದು. ‘ನಾನು ಶಾಲೆಗೆ ಹೋದ ವರ್ಷ ಅವರ ಮೇಡಮ್ಮು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ತಲೆಗೆ ಸೀಮೆಎಣ್ಣೆ ಹಾಕಿದಳು. ಹೇನಿದ್ದವರಿಗೂ ಹಾಕಿದಳು, ಇಲ್ಲದವರಿಗೂ ಹಾಕಿದಳು. ನಿಮ್ಮ ನೀರು ಹೊಲಸು ಅಂದರು. ನಿಮ್ಮ ಒಲೆ ಹೊಗೆ ಹೊಲಸು, ನಿಮ್ಮ ಮಾತು ಹೊಲಸು ಅಂದರು. ಅವರು ಹೋದರು, ಇವರು ಬಂದರು. ಇವರೂ ಮೂಗು ಮುಚ್ಚಿಕೊಂಡೇ ಓಟು ಕೇಳೋದಕ್ಕೆ ಬಂದರು. ಈಗ ನೀನು ಬಂದಿದೀಯ, ತೊಟ್ಟಿಲು ವಿಷ ಅಂತ.’

‘ದೊಡ್ಡಮ್ಮ, ವಿಷ ನಮ್ಮದಲ್ಲ. ಅವರು ಬಳಿದದ್ದು.’

‘ಬಳಿದವರೇ ಹೇಳಿದರಾ?’

‘ಅವರೂ ಹೇಳಿದಾರೆ. ನಾನೂ ನೋಡಿದೀನಿ.’

‘ಯಾವುದರಲ್ಲಿ ನೋಡಿದೆ? ಅವರು ಕೊಟ್ಟ ಕಾಗದದಲ್ಲಿ ತಾನೆ?’

ಆ ಕಾಗದದ ತುಂಡುಗಳ ಪೊಟ್ಟಣದ ಮೇಲೆ ಅವರ ದೇಶದ ಹೆಸರಿತ್ತು. ಅಕ್ಕನ ಮಗಳು ಕೂಸಿನ ತಲೆಯ ಮೇಲೆ ಕೈಯಿಟ್ಟುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಒಂದು ಬಾಗಿಲು ತೆರೆದಿತ್ತು. ‘ಮಾವ, ಮಲಗಿಸಿದರೆ ಖಂಡಿತ ಏನಾದರೂ ಆಗುತ್ತಾ?’ ಅದು ಅವನ ಬದುಕಿನಲ್ಲೇ ಅತ್ಯಂತ ಸರಳವಾದ ಪ್ರಶ್ನೆಯಾಗಿತ್ತು. ‘ಖಂಡಿತ ಅಂತ ಹೇಳೋದಕ್ಕೆ ಆಗಲ್ಲಮ್ಮ. ಎಷ್ಟು ಹೊತ್ತು ಇರುತ್ತೆ, ಬಾಯಿಗೆ ಎಷ್ಟು ಹೋಗುತ್ತೆ, ಅದರ ಮೇಲೆ… ಅಪಾಯ ಇದೆ, ತುಂಬಾ ಇದೆ. ಆದರೆ ಆಗೇ ಆಗುತ್ತೆ ಅಂತ…’ ಆ ಬಾಗಿಲು ಮೆಲ್ಲನೆ ಮುಚ್ಚಿಕೊಳ್ಳುವುದು ಅವನಿಗೆ ಕಾಣಿಸಿತು. ‘ನೋಡಿದೆಯಾ,’ ಎಂದಳು ದೊಡ್ಡಮ್ಮ ಏಳುತ್ತ, ‘ಅವನಿಗೇ ಗೊತ್ತಿಲ್ಲ.’ ಮೂರು ಹೆಜ್ಜೆ ಹೋದವಳು ನಿಂತು, ತಿರುಗದೆಯೇ, ಮೆತ್ತಗಿನ ದನಿಯಲ್ಲಿ ಅಂದಳು: ‘ಗುಡ್ಡದ ಆ ಮಗ್ಗುಲನ್ನ ಗಣಿಗೆ ಬರೆದುಕೊಟ್ಟರಲ್ಲ ಇವರು, ಅದನ್ನ ಮರೆಸೋದಕ್ಕೇ ಈ ತೊಟ್ಟಿಲು ತರಿಸಿದ್ದು ಅಂತ ನನಗೂ ಗೊತ್ತು ಕಣೋ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗೋ ಜನ. ಆದರೆ ತೊಟ್ಟಿಲು ನಮ್ಮದು. ಚಿವುಟಿದ್ದಕ್ಕೆ ತೊಟ್ಟಿಲೂ ಬೇಡ ಅನ್ನಲಾ? ನನಗಿನ್ನು ಎಷ್ಟು ದಿನ?’

ಸಭಾಂಗಣದ ಎತ್ತರದ ಸೂರಿನಲ್ಲಿ ಮೂರು ಫ್ಯಾನುಗಳಿದ್ದು ಒಂದು ಮಾತ್ರ ತಿರುಗುತ್ತಿತ್ತು. ಮೊದಲ ಸಾಲುಗಳಲ್ಲಿ ರಾಜಧಾನಿಯ ಅತಿಥಿಗಳು, ಗೋಡೆಗುಂಟ ನಿಂತವರು ಗುಡ್ಡದವರು. ಕೆಂಪು ಹಾಸಿನ ಮೇಲೆ, ಬಾಗಿದ ಕಾಲುಗಳ ಮೇಲೆ ನಿಂತ ತೊಟ್ಟಿಲು ಅಲ್ಲಿದ್ದ ಎಲ್ಲರಿಗಿಂತ ಚಿಕ್ಕದಾಗಿಯೂ ಎಲ್ಲರಿಗಿಂತ ನಿರಾಳವಾಗಿಯೂ ಕಾಣುತ್ತಿತ್ತು. ಮಂತ್ರಿಗಳು ಮಾತಾಡಿದರು. ಅವರು ಕದ್ದದ್ದನ್ನು ನಾವು ತಂದೆವು, ಎಂದರು. ನಾವು ಎಂಬ ಮಾತಿನೊಳಗೆ ಗುಡ್ಡದವರು ಎಷ್ಟು ಸಲ ಹೋಗಿ ಎಷ್ಟು ಸಲ ಹೊರಬಂದರೆಂಬುದನ್ನು ಅವನು ಎಣಿಸಲು ಹೋಗಿ ಬಿಟ್ಟುಬಿಟ್ಟ. ಅವನ ಕಣ್ಣು ಕೂಸಿನ ಮೇಲಿತ್ತು. ಅದು ತಾಯಿಯ ಬಟ್ಟೆಯ ಅಂಚನ್ನು ಬಾಯಿಗೆ ತುರುಕಿಕೊಂಡು, ಜಗತ್ತಿನಲ್ಲಿ ಮತ್ತಾವ ಕೆಲಸವೂ ಇಲ್ಲದಂತೆ ಚೀಪುತ್ತಿತ್ತು. ಒಮ್ಮೆ ಬಾಯಿ ಬಿಟ್ಟು, ತಿರುಗುವ ಒಂದೇ ಫ್ಯಾನನ್ನು ನೋಡಿ ನಕ್ಕು, ಮತ್ತೆ ಚೀಪತೊಡಗಿತು. ಅದರ ಗಲ್ಲದ ಮೇಲೆ ಜೊಲ್ಲಿನ ಎಳೆ ಹೊಳೆಯಿತು. ಒದ್ದೆಯೇ ಸಾಕು, ಎಂದುಕೊಂಡ ಅವನು. ಒದ್ದೆ ಹತ್ತಿಗೆ ಬಂದದ್ದು ಒದ್ದೆ ತುಟಿಗೂ ಬರುತ್ತದೆ.

ಮೊದಲು ದೊಡ್ಡಮ್ಮನನ್ನು ಕರೆದರು. ಅವಳು ತೊಟ್ಟಿಲಿನ ಮುಂದೆ ಕೂತಳು. ಯಾರಿಗೂ ಕಾಯದೆ, ಕ್ಯಾಮೆರಾದವರು ‘ಈ ಕಡೆ, ಅಮ್ಮಾ, ಈ ಕಡೆ’ ಎನ್ನುತ್ತಿದ್ದರೂ ಕೇಳಿಸಿಕೊಳ್ಳದೆ, ಕುರುಡಿಯ ಹಾಗೆ ಎರಡೂ ಕೈಗಳಿಂದ ಅದರ ಅಂಚನ್ನು ತಡವತೊಡಗಿದಳು. ಏನನ್ನೋ ಹುಡುಕುತ್ತಿದ್ದಳು. ಅವಳ ಅಜ್ಜಿ ಎಳೆಯ ಹುಡುಗಿಯಾಗಿದ್ದಾಗ ತನ್ನ ತಮ್ಮನನ್ನು ಆ ತೊಟ್ಟಿಲಲ್ಲಿ ತೂಗಿದ್ದಳಂತೆ, ಸೈನ್ಯ ಬರುವ ಹಿಂದಿನ ಸುಗ್ಗಿಯಲ್ಲಿ. ತಲೆದೆಸೆಯ ಹತ್ತಿರ ದೊಡ್ಡಮ್ಮನ ಬಲಗೈ ನಿಂತಿತು. ಹೆಬ್ಬೆರಳು ಒಂದು ಕಡೆ ತಾನಾಗಿ ಇಳಿದು ಕೂತಿತು. ಅವನು ಹತ್ತಿರದಲ್ಲೇ ಇದ್ದುದರಿಂದ ಅವಳು ಉಸುರಿದ್ದು ಅವನಿಗೊಬ್ಬನಿಗೇ ಕೇಳಿಸಿತು: ‘ಇದೆ. ತೂಗಿ ತೂಗಿ ಸವೆದ ಹಳ್ಳ. ಅಜ್ಜಿ ಹೇಳ್ತಿದ್ದಳು, ನಮ್ಮೋರೆಲ್ಲರ ಹೆಬ್ಬೆರಳೂ ಅದರಲ್ಲಿ ಕೂರುತ್ತೆ ಅಂತ. ಇದೆ ಕಣೋ.’ ಅವಳು ಬಾಗಿ ಆ ಮರಕ್ಕೆ ಕೆನ್ನೆ ಒತ್ತಿದಳು. ಎಪ್ಪತ್ತು ದಾಟಿದ ಹೆಂಗಸಿನ ಮುಖ ಒಂದು ಗಳಿಗೆ ಯಾರದೋ ಪುಟ್ಟ ಅಕ್ಕನ ಮುಖವಾಯಿತು. ಅವನು ತನ್ನ ಇಡೀ ವೃತ್ತಿಯಲ್ಲಿ, ಗಾಜಿನ ಎರಡೂ ಬದಿಯಲ್ಲಿ, ವಸ್ತುವೊಂದು ತನ್ನವರನ್ನು ಗುರುತಿಸುವುದನ್ನು ನೋಡಿರಲಿಲ್ಲ.

ನಂತರ ಅಕ್ಕನ ಮಗಳು ಕೂಸಿನ ಬಟ್ಟೆ ಬಿಚ್ಚಿದಳು. ಬರಿಮೈಯ ಕೂಸು ಗಾಳಿಗೆ ಬೆಚ್ಚಿ ಕೈಕಾಲು ಮಡಚಿತು. ಸಭೆಯೆಲ್ಲ ‘ಅಯ್ಯೋ’ ಎಂದು ಮುದ್ದಿನಿಂದ ನಕ್ಕಿತು. ನಿರ್ದೇಶಕರು ಅವನತ್ತ ನೋಡಲಿಲ್ಲ. ನೋಡದಿರುವುದರಲ್ಲಿ ಅವರಿಗಿದ್ದ ಪರಿಣತಿ ದೊಡ್ಡದು. ಈಗ ಕೂಗಬಹುದು, ವಿಷ ಎಂದು. ಕೂಗಿದರೆ ಏನಾಗುತ್ತದೆಂಬುದು ಅವನಿಗೆ ಓದಿ ಮುಗಿಸಿದ ಪುಸ್ತಕದಷ್ಟು ಸ್ಪಷ್ಟವಾಗಿತ್ತು: ಮಂತ್ರಿ ನಗುತ್ತಾರೆ, ‘ಅವರ ಶಾಲೆಯಲ್ಲಿ ಓದಿದವರು’ ಎನ್ನುತ್ತಾರೆ, ದೊಡ್ಡಮ್ಮ ತನ್ನ ಕೈಯಾರೆ ಕೂಸನ್ನು ಎತ್ತಿ ಇನ್ನಷ್ಟು ಗಟ್ಟಿಯಾಗಿ ಆ ಮರಕ್ಕೆ ಒತ್ತಿ ಮಲಗಿಸುತ್ತಾಳೆ. ಅವನ ಬಾಯಿಂದ ಹೊರಟ ನಿಜಕ್ಕೆ ಅವರ ವಾಸನೆ ಹತ್ತಿಬಿಟ್ಟಿತ್ತು. ಅದನ್ನು ಯಾರೂ ಕೊಳ್ಳುವುದಿಲ್ಲ. ಹಾಗಾದರೆ ಈ ಜನ ಏನನ್ನು ಕೇಳಿದೊಡನೆ ನಂಬುತ್ತಾರೆ? ನೂರು ವರ್ಷದಿಂದ, ಸಾಕ್ಷಿ ಕೇಳದೆ, ಕಣ್ಣುಮುಚ್ಚಿ ಏನನ್ನು ನಂಬಿಕೊಂಡು ಬಂದಿದ್ದಾರೆ? ಕೂಸಿನ ಬೆನ್ನು ಮರದಿಂದ ಒಂದು ಗೇಣು ಮೇಲಿತ್ತು.

ಅವನು ಮುಂದೆ ನುಗ್ಗಿ ತೊಟ್ಟಿಲನ್ನು ಎರಡೂ ಕೈಗಳಿಂದ ಹಿಂದಕ್ಕೆಳೆದುಕೊಂಡ. ಕೈಗವಸು ಹಾಕಿರಲಿಲ್ಲ. ‘ಮಲಗಿಸಬೇಡಿ,’ ಎಂದ. ಈ ಸಲ ಅವನ ದನಿಯಲ್ಲಿ ತಾಳ್ಮೆ ಇರಲಿಲ್ಲ. ‘ಇದು ನಮ್ಮ ತೊಟ್ಟಿಲಲ್ಲ. ನಕಲಿ. ಅಸಲಿ ಅವರ ಹತ್ತಿರವೇ ಇದೆ.’

‘ಖಂಡಿತನಾ?’ ಎಂದು ಕೇಳಿದರು ಮಂತ್ರಿಗಳು. ‘ಖಂಡಿತ,’ ಎಂದ ಅವನು. ‘ಒಂದು ಹುಳದ ತೂತಿಲ್ಲ, ನೋಡಿ. ನಿನ್ನೆ ಮೊನ್ನೆ ಕಡಿದ ಮರ.’ ಆ ಒಂದು ಮಾತು ಎಷ್ಟು ಹಗುರವಾಗಿ ಬಂತೆಂದು ಅವನೇ ಬೆರಗಾದ. ಗೋಡೆಗುಂಟ ನಿಂತವರಲ್ಲಿ ಮೊದಲು ಒಬ್ಬ, ‘ನಾನು ಹೇಳಲಿಲ್ವಾ, ಅವರು ಮೋಸ ಮಾಡ್ತಾರೆ ಅಂತ?’ ಎಂದ. ಆಮೇಲೆ ಎಲ್ಲರೂ ತಾವು ಮೊದಲೇ ಹೇಳಿದ್ದನ್ನು ನೆನಪು ಮಾಡಿಕೊಂಡರು. ಮಂತ್ರಿಗಳ ಮುಖದಲ್ಲಿ ಗಾಬರಿ ಇದ್ದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಮಿಟುಕಿಸಿ ತೆರೆಯುವಷ್ಟರಲ್ಲಿ ಅವರು ಮರಳಿ ಬಂದ ತೊಟ್ಟಿಲಿಗಿಂತ ಮರಳದ ತೊಟ್ಟಿಲೇ ಹೆಚ್ಚು ಓಟು ತರುವುದನ್ನು ಕಂಡುಕೊಂಡಿದ್ದರು. ಅವರು ಮೈಕಿನ ಕಡೆ ತಿರುಗಿದರು. ಅವರ ಹಿಂದಿನ ಭಾಷಣಕ್ಕಿಂತ ಈ ಭಾಷಣ ಚೆನ್ನಾಗಿತ್ತು.

ತೊಟ್ಟಿಲನ್ನು ಹೊತ್ತು ಉಗ್ರಾಣಕ್ಕೆ ಹೋಗುವಾಗ ನಿರ್ದೇಶಕರು ಬಾಗಿಲಲ್ಲಿ ಅವನನ್ನು ತಡೆದರು. ‘ಏನು ಮಾಡಿಬಿಟ್ಟಿರಿ ಅಂತ ಗೊತ್ತಾ? ಇನ್ನು ಇದನ್ನು ಯಾರೂ ಯಾವತ್ತೂ ಅಸಲಿ ಅನ್ನೋ ಹಾಗಿಲ್ಲ. ನಾನೂ ಅನ್ನಲ್ಲ. ನೀವೇ ಅಂದರೂ ಯಾರೂ ನಂಬಲ್ಲ.’ ಮೊದಲ ಬಾರಿಗೆ ಅವರ ದನಿಯಲ್ಲಿ ಚಹಾ ಇರಲಿಲ್ಲ. ಅವನು ತಲೆಯಾಡಿಸಿದ. ನಕಲಿಯೆಂದು ಹೆಸರಾದದ್ದಕ್ಕೆ ಗಾಜಿನ ಪೆಟ್ಟಿಗೆಯೂ ಇಲ್ಲ. ಮುರಿದ ಕುರ್ಚಿಗಳ ಪಕ್ಕದಲ್ಲಿ ಇಳಿಸಿದಾಗ ತೊಟ್ಟಿಲು ತನ್ನ ಬಾಗಿದ ಕಾಲುಗಳ ಮೇಲೆ ಸ್ವಲ್ಪ ಹೊತ್ತು ತೂಗಿ, ನಿಂತಿತು.

ಹಿತ್ತಲ ನಲ್ಲಿಯ ಬಳಿ ಗುಡ್ಡದವರು ಬಸ್ಸಿಗೆ ಕಾಯುತ್ತಿದ್ದರು. ಕೂಸು ಹಸಿದು ಅಳುತ್ತಿತ್ತು; ಅಕ್ಕನ ಮಗಳು ಬಾಟಲಿಯ ಮುಚ್ಚಳ ತೆಗೆಯಲು ‘ಒಂದು ನಿಮಿಷ ಹಿಡ್ಕೋ ಮಾವ’ ಎಂದು ಅದನ್ನು ಅವನತ್ತ ಚಾಚಿದಳು. ಅವನು ತೊಟ್ಟಿಲು ಮುಟ್ಟಿದ ಬರಿಗೈಗಳನ್ನು ಬೆನ್ನ ಹಿಂದೆ ಅಡಗಿಸಿ ಒಂದು ಹೆಜ್ಜೆ ಹಿಂದೆ ಸರಿದ. ಅವಳು ಚಾಚಿದ್ದನ್ನು ಹಿಂದಕ್ಕೆ ತೆಗೆದುಕೊಂಡಳು. ‘ಸರಿ ಬಿಡು,’ ಎಂದಳು, ‘ಅಂಗಿ ಕೊಳೆಯಾಗುತ್ತೆ.’ ಹೇಳಲು ಅವನಲ್ಲಿ ನಿಜವಾದದ್ದು ಏನೂ ಉಳಿದಿರಲಿಲ್ಲ. ‘ಅಜ್ಜಿ, ನೀನಾದರೂ ಹಿಡಿ’ ಎಂದು ಅವಳು ಕೂಸನ್ನು ದೊಡ್ಡಮ್ಮನ ಕಡೆ ತಿರುಗಿಸಿದಾಗ ಅವನು ಅಡ್ಡ ಬಂದ.

‘ದೊಡ್ಡಮ್ಮ, ಮೊದಲು ಕೈ ತೊಳಿ. ಮುಖಾನೂ.’

ಜಗಳಕ್ಕೆ ಸಿದ್ಧನಾಗಿದ್ದ. ಆದರೆ ಅವಳು ಕೂಡಲೇ ಎದ್ದು ಬಂದಳು. ಅವನು ನಲ್ಲಿಯಡಿಯ ತಂಬಿಗೆಯನ್ನು ತುಂಬಿಸಿ ಅವಳ ಕೈಗಳ ಮೇಲೆ ನೀರು ಹೊಯ್ದ. ‘ಹೊಯ್ಯಿ, ಇನ್ನೂ ಹೊಯ್ಯಿ,’ ಎನ್ನುತ್ತ ಅವಳು ಅಂಗೈಗೆ ಅಂಗೈ, ಬೆರಳಿಗೆ ಬೆರಳು ಉಜ್ಜಿದಳು, ಕೆನ್ನೆಯನ್ನು ಕೆಂಪಾಗುವಷ್ಟು ತಿಕ್ಕಿದಳು. ‘ಥೂ, ಕಳ್ಳರ ಮಾಲಿಗೆ ಮುಖ ಒತ್ತಿದೆನಲ್ಲ. ನನಗೆ ಮುಟ್ಟಿದಾಗಲೇ ಅನಿಸಿತು ಕಣೋ, ಇದು ನಮ್ಮದಲ್ಲ ಅಂತ. ಮರ ತಣ್ಣಗಿತ್ತು.’ ಅವನು ಹೊಯ್ಯುತ್ತಲೇ ಇದ್ದ. ‘ಹಳ್ಳ ಇದೆ ಅಂದೆಯಲ್ಲ, ದೊಡ್ಡಮ್ಮ?’ ಎಂಬ ಮಾತು, ಕೇಳಬಾರದೆಂದು ಹಲ್ಲು ಕಚ್ಚಿದ್ದರೂ, ಹೊರಬಿತ್ತು. ಅವಳು ತನ್ನ ಬಲಗೈಯ ಹೆಬ್ಬೆರಳನ್ನು ಒಂದು ಕ್ಷಣ ಯಾರದೋ ಬೆರಳೆಂಬಂತೆ ನೋಡಿದಳು. ‘ಅಜ್ಜಿ ಸಣ್ಣ ಹುಡುಗಿ ಆಗ. ಏನು ಕಂಡಳೋ, ಏನು ನೆನಪಿಟ್ಟುಕೊಂಡಳೋ. ಹಾಗೆಲ್ಲ ಇದ್ದಿರಲಿಕ್ಕಿಲ್ಲ ಬಿಡು.’

ಅವಳು ಒದ್ದೆ ಕೈಗಳನ್ನು ಕೊಡವಿ, ಅವನ ಕೈಯಿಂದ ತಂಬಿಗೆ ಕಿತ್ತುಕೊಂಡು ತುಂಬಿಸಿದಳು. ‘ನೀನೂ ಮುಟ್ಟಿದೆಯಲ್ಲ ಆ ದರಿದ್ರವನ್ನ. ಹಿಡಿ, ಕೈ ಹಿಡಿ.’ ಅವನು ಕೈ ಹಿಡಿದ. ಅವಳು ನೀರು ಹೊಯ್ದಳು. ‘ಎರಡನ್ನೂ ಹಿಡಿ. ಹಾಗಲ್ಲ, ಉಗುರಿನ ಸಂದಿ. ನಮ್ಮನ್ನ ಉಳಿಸಿದೆ ಇವತ್ತು ನೀನು, ಇಷ್ಟು ಜನರ ಮುಂದೆ ನಗೆಪಾಟಲಾಗೋದನ್ನ ತಪ್ಪಿಸಿದೆ. ನಾನು ಬೆಳಗ್ಗೆ ನಿನ್ನನ್ನ ಏನೇನೋ ಅಂದುಬಿಟ್ಟೆ,’ ಎನ್ನುತ್ತ ತಂಬಿಗೆಯನ್ನು ಕೆಳಗಿಟ್ಟು, ಎಳೆಯ ಮಗುವಿಗೆ ತೊಳೆಯುವಂತೆ, ಅವನ ಒಂದೊಂದೇ ಬೆರಳನ್ನು ಹಿಡಿದು ತಿಕ್ಕತೊಡಗಿದಳು.